ಸೆಟಪ್ ಇಲ್ಲದ ಆಟ

ಕಳೆದ ತಿಂಗಳು ಹೊಳೆನರಸೀಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮಳೆ ಜೋರಾಯಿತು. ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಸೂರಿನಡಿ ನಿಂತೆ. ಒಳಗೆ ಯಂತ್ರ ಒಂದೇ ಸಮನೆ ಹಾಳೆ ಉಗುಳುತ್ತಿತ್ತು. ಬಿಸಿ ಕಾಗದದ ವಾಸನೆ ಹೊರಗಿನ ಒದ್ದೆ ಮಣ್ಣಿನ ವಾಸನೆಯೊಂದಿಗೆ ಬೆರೆತು ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಆಗಷ್ಟೇ ಪಡೆದ ಪಹಣಿಯನ್ನು ಮಡಿಸಿ ಜೇಬಿಗೆ ಹಾಕಿದವರು, ಸೀಲು ಬಿದ್ದಿದೆಯೋ ಇಲ್ಲವೋ ಎಂದು ಮತ್ತೆ ತೆಗೆದು ನೋಡಿದರು. ನನಗೆ ನಾಲ್ಕು ವರ್ಷ ಹಿಂದಿನ ಮುಂಗಾರು ನೆನಪಾಯಿತು. ಆ ಮುಂಗಾರಿನಲ್ಲಿ ನಾನು ಒಂದು ಕಂಪ್ಯೂಟರ್ ಆಟದ ಬಗ್ಗೆ ಮೂರು ಸಲ ಬರೆದೆ. ಮೊದಲು ಹೊಗಳಿ, ಆಮೇಲೆ ಅನುಮಾನಿಸಿ, ಕೊನೆಗೆ ತಿದ್ದಿ. ಮೂರರಲ್ಲಿ ಜನ ನೆನಪಿಟ್ಟುಕೊಂಡದ್ದು ಎರಡನೆಯದನ್ನು ಮಾತ್ರ.

ನಾನು ಹಾಸನದಲ್ಲಿ ಪತ್ರಿಕೆಯೊಂದರ ವರದಿಗಾರ. ಆ ವರ್ಷ ಗೊರೂರು ಅಣೆಕಟ್ಟೆಗೆ ನೀರು ಬೇಗ ಬಂದಿತ್ತು. ನಾಲೆಗೆ ನೀರು ಬಿಡುವ ಸುದ್ದಿ ಪ್ರತಿ ವರ್ಷವೂ ಒಂದೇ ರೀತಿ ಇರುತ್ತದೆ, ಈ ಸಲ ಒಬ್ಬ ನೀರುಗಂಟಿಯನ್ನು ಮಾತಾಡಿಸೋಣ ಎನ್ನಿಸಿತು. ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ಕಾಯುವವರು ಅವರು. ಹೊಳೆನರಸೀಪುರದಲ್ಲಿ ಸಿದ್ದಯ್ಯ ಎಂಬುವರ ಹೆಸರು ಸಿಕ್ಕಿತು. ವಯಸ್ಸಾಗಿ ಕೆಲಸ ಬಿಟ್ಟವರು. ಮನೆಗೆ ಹೋದರೆ ಇರಲಿಲ್ಲ.

"ಮಗಳ ಕಂಪ್ಯೂಟರ್ ಸೆಂಟರ್‌ನಾಗೆ ಕೂತವ್ರೆ ಓಗಿ ಸಾ. ಗೇಮ್ ಆಡ್ತಾವ್ರೆ, ಈ ವಯಸ್ನಾಗೆ!" ಎಂದು ಪಕ್ಕದ ಮನೆಯಾಕೆ ನಕ್ಕರು.

ಸೆಂಟರ್ ಒಂದು ಔಷಧಿ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಗಂಡು ದನಿಯೊಂದು ಕೂಗಾಡುವುದು ಕೇಳಿಸಿತು. "ಲೇ, ಮುಚ್ಚಲಾ ಆ ತೂಬ! ಕೆಳಗ್ಲೋನ ಗದ್ದೆ ಒಣಗ್ತಾ ಅದೆ, ಕಣ್ ಕಾಣಾಕಿಲ್ವ?" ಒಳಗೆ ಬಿಳಿ ಪಂಚೆಯ ಸಿದ್ದಯ್ಯನವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರು. ಬೈಯುತ್ತಿದ್ದದ್ದು ಪರದೆಯ ಮೇಲೆ ಛತ್ರಿ ಹಿಡಿದು ಏರಿಯ ಮೇಲೆ ಓಡುತ್ತಿದ್ದ ಬೆರಳುದ್ದದ ಮನುಷ್ಯನನ್ನು. ಹಿಂದೆ ನಿಂತು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದವರು ಅವರ ಮಗಳು ಸುಧಾಮಣಿ.

ಆಟದ ಹೆಸರು 'ನೀರುಗಂಟಿ'. ಹಗಲು ಮಕ್ಕಳಿಗೆ ಟೈಪಿಂಗ್ ಮತ್ತು ಕಂಪ್ಯೂಟರ್ ಕಲಿಸಿ, ತರಗತಿಗಳ ನಡುವಿನ ಬಿಡುವಿನಲ್ಲಿ ಸುಧಾಮಣಿ ಅದನ್ನು ಒಬ್ಬರೇ ಮಾಡಿದ್ದರು. ಚಿತ್ರ, ಲೆಕ್ಕ, ಸದ್ದು ಎಲ್ಲ ಅವರದೇ. ನಾಲ್ಕು ವರ್ಷ ಹಿಡಿದಿತ್ತು. ಒಂದು ನಾಲೆ, ಹನ್ನೆರಡು ಗದ್ದೆ, ನೂರಿಪ್ಪತ್ತು ದಿನದ ಬೆಳೆ. ಆಡುವವರು ತೂಬು ಕಾಯಬೇಕು. ಮೇಲಿನ ಗದ್ದೆಯವರು ಕದ್ದು ತೂಬು ಎತ್ತುತ್ತಾರೆ, ಕೆಳಗಿನವರು ಬಂದು ಜಗಳ ಆಡುತ್ತಾರೆ, ನಡುವೆ ಮಳೆ ಬಂದರೆ ಲೆಕ್ಕವೆಲ್ಲ ತಲೆಕೆಳಗು.

"ಇವ್ಳು ಮೊದ್ಲು ಮಾಡಿದ್ರಾಗೆ ಎಲ್ರೂ ಸರದಿ ಪ್ರಕಾರ ನೀರು ತಗೋತಿದ್ರು ಸಾ," ಎಂದರು ಸಿದ್ದಯ್ಯ. "ನಾನಂದೆ, ಇದ್ಯಾವ ದೇಶದ್ ನಾಲೆನವ್ವಾ?"

ಆಟದೊಳಗೆ ಜಗಳಗಂಟರನ್ನು ಗದರುವ ದನಿಯೂ ಅವರದೇ. ಕೆಲಸದಲ್ಲಿದ್ದಾಗ ದೊಡ್ಡ ಹಿಡುವಳಿದಾರರ ಎದುರು ಹಾಗೆ ಗದರಿದ್ದಿರಾ ಎಂದು ಕೇಳಿದೆ. "ಎಲ್ಲಿ ಬಂತು ಸಾ. ಅದ್ಕೇ ಇಲ್ಲಿ ಆಸೆ ತೀರೋವಷ್ಟು ಬೈದಿವ್ನಿ," ಎಂದರು.

ಸುಧಾಮಣಿ ನನ್ನ ಪೆನ್ ಡ್ರೈವಿಗೆ ಆಟ ಹಾಕಿಕೊಟ್ಟರು. ತೆರೆದು ನೋಡಿದರೆ ಒಂದು ಫೋಲ್ಡರ್ ಮಾತ್ರ. ಸೆಟಪ್ ಎಲ್ಲಿ ಎಂದೆ. ಅಂಗಡಿಯಿಂದ ತರುವ ಪ್ರತಿಯೊಂದು ಸಾಫ್ಟ್‌ವೇರಿಗೂ ಒಂದು ಸೆಟಪ್ ಇದ್ದು, ಅದು ಒಂದರ ಮೇಲೊಂದು ಪುಟ ತೋರಿಸಿ, ನೆಕ್ಸ್ಟ್ ಒತ್ತಿಸಿ, ಕೊನೆಗೆ ಫಿನಿಶ್ ಎನ್ನುವುದು ನನಗೆ ಗೊತ್ತಿದ್ದ ಕ್ರಮ.

"ಬೇಕು ಅಂತಲೇ ಮಾಡಿಲ್ಲ ಸರ್," ಎಂದರು. "ಸೆಟಪ್ ಅಂದ್ರೆ, ನಿಮ್ಮ ಮನೆ ಬೀಗದ ಕೈ ಕೊಡಿ, ಒಳಗೆ ಏನೋ ಇಟ್ಟು ಬರ್ತೀನಿ ಅಂತ ಕೇಳ್ದಂಗೆ. ಒಂದು ಆಟಕ್ಕೆ ಬೀಗದ ಕೈ ಯಾಕೆ? ಫೋಲ್ಡರ್ ಆದ್ರೆ ಜಗಲಿ ಮೇಲೆ ಇಟ್ಟು ಹೋಗ್ತೀನಿ. ಆಡಿ, ಬೇಡ ಅಂದ್ರೆ ಬಿಸಾಕಿ. ಇಲ್ಲಿ ನೋಡಿ, ವಾರಕ್ಕೊಂದು ಮೆಷಿನ್ ಕ್ಲೀನ್ ಮಾಡ್ತೀನಿ. ಹುಡುಗ್ರು ಯಾವ್ದೋ ಪುಕ್ಕಟೆ ಸೆಟಪ್ ತಂದು ಕಣ್ಮುಚ್ಕೊಂಡು ನೆಕ್ಸ್ಟ್ ಒತ್ತಿರ್ತಾರೆ, ಒಂದರ ಜೊತೆ ಐದು ಒಳಗೆ ಬಂದಿರ್ತವೆ."

ಇನ್ನೊಂದು ಕಾರಣವನ್ನೂ ಹೇಳಿದರು. ಸೆಟಪ್ ಓಡಿಸಿದರೆ ಕಂಪ್ಯೂಟರ್ 'ತಯಾರಕರು ಯಾರೋ ಗೊತ್ತಿಲ್ಲ, ಆದರೂ ಬಿಡಲೇ?' ಎಂದು ಕೇಳುತ್ತದೆ. ಅಲ್ಲಿ ಹೆಸರು ಕಾಣಬೇಕಾದರೆ ಹೊರದೇಶದ ಕಂಪನಿಯಿಂದ ವರ್ಷ ವರ್ಷ ಪ್ರಮಾಣಪತ್ರ ಕೊಳ್ಳಬೇಕು. "ನಮ್ಮಪ್ಪ ಯಾರು ಅಂತ ಈ ತಾಲ್ಲೂಕಿಗೆಲ್ಲ ಗೊತ್ತು ಸರ್. ಕಂಪ್ಯೂಟರ್‌ಗೆ ಗೊತ್ತಿಲ್ಲ."

ಇಷ್ಟನ್ನೂ ಬರೆದುಕೊಂಡೆ. ವರದಿಯಲ್ಲಿ ಹಾಕಲಿಲ್ಲ. ಅರ್ಧ ಪುಟದಲ್ಲಿ ಸಿದ್ದಯ್ಯನವರ ಫೋಟೊ ದೊಡ್ಡದಾಗಿ ಬಂತು, ಸೆಟಪ್‌ನ ನಾಲ್ಕು ಸಾಲು ಜಾಗ ಸಾಲದೆ ಬಿಟ್ಟುಹೋಯಿತು.

ವರದಿ ಬಂದ ಮೇಲೆ ಆಟ ಪೆನ್ ಡ್ರೈವಿನಿಂದ ಪೆನ್ ಡ್ರೈವಿಗೆ ಹರಡಿತು. ಜುಲೈಯಲ್ಲಿ ಜಿಟಿಜಿಟಿ ಮಳೆ ಹಿಡಿದಿದ್ದಾಗ ಸುಧಾಮಣಿ ತಾವಾಗಿ ಫೋನ್ ಮಾಡಿದರು. ಆಗಸ್ಟ್‌ನಲ್ಲಿ ವಿಜ್ಞಾನ ಶಿಕ್ಷಕರ ಸಭೆ ಇದೆ, ಅಲ್ಲಿ ಆಟ ತೋರಿಸಲು ಕರೆದಿದ್ದಾರೆ, ಮೇಷ್ಟ್ರುಗಳು ಒಪ್ಪಿದರೆ ಶಾಲೆಗಳ ಕಂಪ್ಯೂಟರ್ ಕೋಣೆಗೆ ಹೋಗುತ್ತದೆ. "ನಾಲೆ ಪಕ್ಕದ ಶಾಲೆ ಮಕ್ಕಳು ಆಡ್ಬೇಕು ಸರ್. ತೂಬು ಕಾಯೋದು ಕೂಲಿ ಕೆಲಸ ಅಷ್ಟೇ ಅಂದ್ಕೊಂಡವ್ರೆ. ಅದರ ಲೆಕ್ಕ ಎಷ್ಟು ಕಷ್ಟ ಅಂತ ಗೊತ್ತಾಗ್ಲಿ." ನಾಲ್ಕು ವರ್ಷದಲ್ಲಿ ಆಕೆ ಬಯಸಿದ್ದು ಇದೊಂದನ್ನೇ ಎಂದು ನನಗೆ ಆಗ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಸಭೆಗೆ ಹತ್ತು ದಿನ ಇರುವಾಗ ಅರಕಲಗೂಡಿನಿಂದ ಜಯಣ್ಣ ಎಂಬ ವಿಜ್ಞಾನ ಮೇಷ್ಟ್ರು ಫೋನ್ ಮಾಡಿದರು. ನನ್ನ ವರದಿ ಓದಿ ಆಟ ತಂದು ಶಾಲೆಯ ಕಂಪ್ಯೂಟರಿಗೆ ಹಾಕಿದವರು.

"ಎಂಥದ್ ಸಾ ನೀವು ಬರ್ದಿದ್ದು? ಎಂಟನೇ ಕ್ಲಾಸ್ ಮಕ್ಕಳು ಸುತ್ತ ಕೂತವ್ರೆ, ಪರದೆ ಮೇಲೆ ಇದ್ದಕ್ಕಿದ್ದಂಗೆ ನೋಡಬಾರದ ಫೋಟೊ ಬಂದ್ಬುಡ್ತು! ಮುಚ್ಚಿದ್ರೆ ಇನ್ನೊಂದು. ಇಂಟರ್‌ನೆಟ್ ತೆಗೆದ್ರೆ ಯಾವ್ದೋ ಬೇರೆ ಪುಟ. ಹೆಡ್‌ಮಾಸ್ಟರು ಲ್ಯಾಬಿಗೆ ಬೀಗ ಜಡಿದವ್ರೆ. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂತಾವ್ರೆ. ಆ ಹೆಂಗಸು ವೈರಸ್ ಆಕಿ ಅಂಚ್ತಾವ್ಳೆ."

ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. ಹೌದು, ಅಂದರು. ಸುಧಾಮಣಿಗೆ ಮಾಡಿದೆ. ರಿಂಗ್ ಆಯಿತು, ತೆಗೆಯಲಿಲ್ಲ. ನನ್ನ ತಲೆಯಲ್ಲಿ ಆ ಹೊತ್ತಿಗೆ ಓಡುತ್ತಿದ್ದದ್ದು ಒಂದೇ: ಪುಕ್ಕಟೆಯಾಗಿ ಆಟ ಹಂಚುವವರಿಗೆ ಇದರಿಂದ ಏನು ಲಾಭ? ಜಾಹೀರಾತು ನುಗ್ಗಿಸಿದರೆ ದುಡ್ಡು ಸಿಗುತ್ತದೆ ಎಂದು ಎಲ್ಲೋ ಓದಿದ್ದೆ. ಬೀಗದ ಕೈ, ಜಗಲಿ ಎಂದೆಲ್ಲ ಅಷ್ಟು ಚೆನ್ನಾಗಿ ಮಾತಾಡಿದ್ದೇ ಈಗ ಅನುಮಾನಕ್ಕೆ ಕಾರಣವಾಯಿತು. ಡೆಸ್ಕಿನವರು ಎರಡು ಸಲ ಕೇಳಿದರು. ಎಂಟು ಸಾಲು ಬರೆದೆ. 'ಆಟದಿಂದ ಶಾಲಾ ಕಂಪ್ಯೂಟರಿಗೆ ವೈರಸ್: ಶಿಕ್ಷಕರ ಆತಂಕ'. ಕೊನೆಯ ಸಾಲು, 'ಆಟ ತಯಾರಿಸಿದ ಸುಧಾಮಣಿ ಸಂಪರ್ಕಕ್ಕೆ ಸಿಗಲಿಲ್ಲ.' ಪ್ರತಿಯೊಂದು ಪದವೂ ನಿಜ. ಇಂಥ ವಾಕ್ಯಗಳ ಬಗ್ಗೆ ನಾನು ಆಮೇಲೆ ಬಹಳ ಎಚ್ಚರದಿಂದ ಇದ್ದೇನೆ.

ಮೂರನೇ ದಿನ ಸುಧಾಮಣಿ ಹಾಸನದ ನಮ್ಮ ಕಚೇರಿಗೆ ಬಂದರು. ಬಸ್ಸಿಳಿದು ನಡೆದು ಬಂದಿದ್ದರು, ಸೀರೆಯ ಅಂಚು ಒದ್ದೆಯಾಗಿತ್ತು. ಲ್ಯಾಪ್‌ಟಾಪ್ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆಯಾಗದೆ ಉಳಿದಿತ್ತು.

"ಒಂದು ಸಲ ರಿಂಗ್ ಆಗಿದೆ ಸರ್. ನಾನು ಕ್ಲಾಸಲ್ಲಿದ್ದೆ. ಇನ್ನೊಂದು ಸಲ ಮಾಡಿದ್ರೆ ತಗೊಳ್ತಿದ್ದೆ."

"ಪುಟ ಮುಗಿಸೋ ಹೊತ್ತಾಗಿತ್ತು."

"ಹೌದು ಸರ್. ನಂದೂ ಮುಗೀತು."

ಸಭೆಯಿಂದ ಅವರ ಆಟವನ್ನು ಕೈಬಿಟ್ಟಿದ್ದರು. ಸೆಂಟರಿಗೆ ಬರುತ್ತಿದ್ದ ಹೆಣ್ಣುಮಕ್ಕಳಲ್ಲಿ ಮೂವರನ್ನು ಮನೆಯವರು ಬಿಡಿಸಿದ್ದರು. ಅದರಲ್ಲಿ ಒಬ್ಬಳ ತಂದೆ ಮೆಟ್ಟಿಲಿಳಿಯುವಾಗ, "ತೂಬು ಎತ್ತೋರ ಕೈಗೆ ಮೌಸ್ ಕೊಟ್ರೆ ಇನ್ನೇನಾದದು," ಎಂದದ್ದು ಸಿದ್ದಯ್ಯನವರ ಕಿವಿಗೆ ಬಿದ್ದಿತ್ತು. ಇದನ್ನು ಸುಧಾಮಣಿ ನನಗೆ ಹೇಳಲಿಲ್ಲ. ಸಿದ್ದಯ್ಯನವರು ಎಷ್ಟೋ ದಿನದ ಮೇಲೆ, ಮಳೆಯ ಸುದ್ದಿ ಹೇಳುವಷ್ಟೇ ಸಾಮಾನ್ಯವಾಗಿ ಹೇಳಿದರು.

"ಅರಕಲಗೂಡಲ್ಲಿ ಸೆಟಪ್ ಹಾಕಿದ್ವಿ ಅಂದ್ರಂತೆ," ಎಂದರು ಸುಧಾಮಣಿ. "ನನ್ನ ಆಟಕ್ಕೆ ಸೆಟಪ್ಪೇ ಇಲ್ಲ. ನಿಮಗೆ ಹೇಳಿದ್ದೆ."

ಹೇಳಿದ್ದರು. ನನ್ನ ನೋಟ್‌ಬುಕ್ಕಿನಲ್ಲೂ ಇತ್ತು. ಆದರೂ ಕೇಳಿದೆ, "ಆಮೇಲೆ ಮಾಡಿಲ್ಲ ಅನ್ನೋದಕ್ಕೆ ಪುರಾವೆ ಏನು?"

ಆಕೆ ನನ್ನ ಮುಖವನ್ನೇ ನೋಡಿದರು. "ಮಾಡಿಲ್ಲ ಅನ್ನೋದಕ್ಕೆ ಪುರಾವೆ ಎಲ್ಲಿಂದ ತರ್ಲಿ ಸರ್? ಬನ್ನಿ, ಅರಕಲಗೂಡಿಗೆ ಹೋಗೋಣ. ನೀವೇ ನೋಡಿ." ಕಚೇರಿಯ ಕಾರಿನಲ್ಲಿ ಹೋಗೋಣ ಎಂದೆ. ಬೇಡ ಎಂದರು. "ನಿಮ್ ಜೊತೆ ಇಳಿದ್ರೆ ನಿಮಗೂ ನಾನೇ ಹೇಳಿಕೊಟ್ಟೆ ಅಂತಾರೆ. ನಾನು ಬಸ್ಸಲ್ಲಿ ಬರ್ತೀನಿ."

ಮರುದಿನ ಅರಕಲಗೂಡಿನ ಶಾಲೆಯಲ್ಲಿ ಹೆಡ್‌ಮಾಸ್ಟರು ನನ್ನನ್ನು ಒಳಗೆ ಬಿಟ್ಟರು, ಸುಧಾಮಣಿಯನ್ನು ಬಿಡಲಿಲ್ಲ. "ಆಯಮ್ಮ ಆಚೆ ಇರ್ಲಿ," ಎಂದರು. ಆಕೆ ಜಗಲಿಯ ಕಂಬದ ಪಕ್ಕ ನಿಂತರು. ಮಳೆ ಓರೆಯಾಗಿ ಹೊಡೆಯುತ್ತಿತ್ತು, ಛತ್ರಿಯನ್ನು ಆ ಕಡೆಗೆ ಅಡ್ಡ ಹಿಡಿದುಕೊಂಡಿದ್ದರು. ಕಿಟಕಿಯಲ್ಲಿ ಮಕ್ಕಳು ಗುಂಪಾಗಿ ನಿಂತು, ವೈರಸ್ ಎಂದರೆ ಹೇಗಿರುತ್ತದೋ ನೋಡೋಣ ಎಂಬಂತೆ ಅವರನ್ನು ನೋಡುತ್ತಿದ್ದರು.

ಜಯಣ್ಣ ಮೇಷ್ಟ್ರು ಪೆನ್ ಡ್ರೈವ್ ತೋರಿಸಿದರು. ಅದರಲ್ಲಿ ಫೋಲ್ಡರ್ ಇರಲಿಲ್ಲ. 'ನೀರುಗಂಟಿ ಸೆಟಪ್' ಎಂಬ ಒಂದೇ ಫೈಲ್. ನನ್ನ ಹತ್ತಿರ ಜೂನ್‌ನಲ್ಲಿ ಸುಧಾಮಣಿ ಕೊಟ್ಟ ಪ್ರತಿ ಇತ್ತು. ಎರಡನ್ನೂ ಹೋಲಿಸಿದೆ. ಗಾತ್ರ ಬೇರೆ. ಐಕಾನ್ ಚಿತ್ರವೂ ಬೇರೆ. ನನ್ನದರಲ್ಲಿ ಹಲಗೆಯ ತೂಬು, ಇದರಲ್ಲಿ ಒಂದು ಪೆಟ್ಟಿಗೆ.

"ಇದನ್ನ ಎಲ್ಲಿಂದ ತಂದ್ರಿ?"

"ಯಾಕ್ ಸಾ, ಸರಿಯಾದ ಕಡೆಯಿಂದಾನೇ ತಂದಿವ್ನಿ. ಅಕ್ನಾಲೆಡ್ಜ್‌ಮೆಂಟ್ ಐತಲ್ಲ!"

ಆಟಕ್ಕೆ ಎಂಥ ಸ್ವೀಕೃತಿ ಪತ್ರವೋ ನನಗೆ ಅರ್ಥವಾಗಲಿಲ್ಲ. ಮೇಷ್ಟ್ರು ಲ್ಯಾಬಿನ ರಿಜಿಸ್ಟರ್ ತೆಗೆದು, ಒಳಗೆ ಅಂಟಿಸಿದ್ದ ಒಂದು ಹಾಳೆ ತೋರಿಸಿದರು. ಸೆಟಪ್‌ನ ಕೊನೆಯ ಪುಟವನ್ನು, ಫಿನಿಶ್ ಎಂದು ತೋರುವ ಪರದೆಯನ್ನು, ಹಾಗೇ ಪ್ರಿಂಟ್ ತೆಗೆದಿದ್ದರು. ಕೆಳಗೆ ನೀಲಿ ಶಾಯಿಯಲ್ಲಿ 'ಅರ್ಜಿದಾರರು: ಜಯಣ್ಣ, ಶಿಕ್ಷಕರು. ವಿಷಯ: ನೀರುಗಂಟಿ'. ಒಂದು ಕ್ರಮಸಂಖ್ಯೆ. ಅದರ ಮೇಲೆ ಚನ್ನರಾಯಪಟ್ಟಣದ ಒಂದು ಜೆರಾಕ್ಸ್ ಅಂಗಡಿಯ ದುಂಡು ಸೀಲು. ಮೇಷ್ಟ್ರ ಹೆಂಡತಿಯ ತವರು ಹಿರೀಸಾವೆ. ಅಲ್ಲಿಗೆ ಹೋಗಿ ಬರುವಾಗ ಚನ್ನರಾಯಪಟ್ಟಣದಲ್ಲಿ ಇಳಿದು, ಆ ಅಂಗಡಿಯ ಕಂಪ್ಯೂಟರಿನಲ್ಲಿ ಆಟ ಓಡಿಸಿ ನೋಡಿ, ಪೆನ್ ಡ್ರೈವಿಗೆ ಹಾಕಿಸಿಕೊಂಡು ಬಂದಿದ್ದರು.

ಹೆಡ್‌ಮಾಸ್ಟರು ಹಾಳೆಯನ್ನು ಬೆಳಕಿಗೆ ಹಿಡಿದರು. "ಸೀಲೈತೆ ಅಂತಾನೇ ನಾನು ಪರ್ಮಿಷನ್ ಕೊಟ್ಟಿದ್ದು," ಎಂದರು.

ಹೊರಗೆ ಹೋಗಿ ಹಾಳೆಯ ಫೋಟೊವನ್ನು ಸುಧಾಮಣಿಗೆ ತೋರಿಸಿದೆ. ನಿರಪರಾಧಿ ಎಂದು ತಿಳಿದ ಮುಖ ಹೇಗಿರಬೇಕು ಎಂದು ನಾನು ಊಹಿಸಿದ್ದೆನೋ ಹಾಗೆ ಏನೂ ಇರಲಿಲ್ಲ. "ಚನ್ನರಾಯಪಟ್ಟಣಕ್ಕೆ ಬಸ್ ಎಷ್ಟೊತ್ತಿಗೆ?" ಎಂದಷ್ಟೇ ಕೇಳಿದರು.

ಅಂಗಡಿ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ. ಮಾಲೀಕ ಲೋಕೇಶ, ನಲವತ್ತರ ಹತ್ತಿರದ ಮನುಷ್ಯ. ಮುಂದೆ ಸಾಲು ನಿಂತಿತ್ತು. ದಂಡಿಗನಹಳ್ಳಿ ಕಡೆಯ ಹೆಂಗಸೊಬ್ಬರ ಅರ್ಜಿ ತುಂಬುತ್ತಿದ್ದವನು ನಮ್ಮನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಅಪ್ಪನ ಹೆಸ್ರು ಇನ್ನೊಂದ್ಸಲ ಯೋಳವ್ವ. ನಂಜೇಗೌಡ ಅಂತಲೋ, ನಂಜೇಗೌಡ್ರು ಅಂತಲೋ?"

"ಇದ್ದಾಗ ಗೌಡ, ಸತ್ಮೇಲೆ ಗೌಡ್ರು ಅಂತಾರೆ. ಯಾವ್ದಾದ್ರೂ ಆಕಪ್ಪ."

"ಅಂಗೆಲ್ಲ ಆಕಕ್ ಆಗಾಕಿಲ್ಲ ಕಣವ್ವ. ಆಧಾರ್ ತೆಗಿ." ಮೂರು ಸಲ ಹೋಲಿಸಿ, ಕೊನೆಗೆ ಒತ್ತಿ, ಪ್ರಿಂಟ್ ತೆಗೆದು, ಸೀಲು ಹಾಕಿ ಕೊಟ್ಟ. ಆಕೆ ಸೀಲನ್ನು ಊದಿ ಒಣಗಿಸಿಕೊಂಡು ಹೋದರು.

ನಾನು ಹಾಳೆಯ ಫೋಟೊ ತೋರಿಸಿದೆ. ಮೊದಲು ತನ್ನದಲ್ಲ ಎಂದ. ಸೀಲನ್ನು ದೊಡ್ಡದು ಮಾಡಿ ತೋರಿಸಿದೆ. ಆಮೇಲೆ, "ಕೊಟ್ಟಿದ್ರೆ ಏನೀಗ? ಪುಕ್ಕಟೆ ಆಟ ತಾನೇ," ಎಂದ. ಅಷ್ಟರಲ್ಲಿ ಸುಧಾಮಣಿ, "ಆ ಆಟ ಮಾಡಿದೋಳು ನಾನೇ ಅಣ್ಣ," ಎಂದರು. ಲೋಕೇಶ ಎದ್ದು ನಿಂತ. ಒಂದು ಸ್ಟೂಲು ಎಳೆದು ಕೊಟ್ಟ.

"ನೀವೇನಮ್ಮ ಅದು! ಅಲ್ಲ, ಅಷ್ಟ್ ಚೆಂದಾಗಿ ಮಾಡ್ಬುಟ್ಟು, ಸೆಟಪ್ಪು ಮಾಡಾಕೆ ಮರ್ತ್‌ಬುಟ್ಟಿದ್ದೀರಲ್ಲ. ನಾನೇ ಮಾಡಿ ಆಕ್ದೆ."

ಸಹಾಯ ಮಾಡಿದ ಸಂತೋಷ ಅವನ ಮುಖದಲ್ಲಿತ್ತು. ನಾನು ಅದನ್ನೂ ನಂಬಲಿಲ್ಲ. ಆದರೆ ಸುಧಾಮಣಿ ಜಗಳ ತೆಗೆಯುವ ಬದಲು, "ಫೋಲ್ಡರ್ ಕೊಟ್ರೆ ಏನಾಗ್ತಿತ್ತು ಅಣ್ಣ?" ಎಂದು ಕೇಳಿದರು.

"ಏನಾಗ್ತಿತ್ತಾ? ಬೈತಿದ್ರು! ಗಂಟು ಕಟ್ದಂಗೆ ಜಿಪ್ ಮಾಡಿ ಕೊಟ್ರೆ ಬಿಚ್ಚಾಕಿಲ್ಲ, ಒಳಗಡೆನೇ ಆಡ್ತಾರೆ. ಹತ್ತು ದಿನ ನೀರು ಕಟ್ಟಿ ಮುಚ್ತಾರೆ, ತೆಗೆದ್ರೆ ಮತ್ತೆ ಮೊದಲ್ನೇ ದಿನ. ಬಿಚ್ಚಿ ಕೊಟ್ರೆ ಫೋಲ್ಡರ್ ಒಳಗೆ ಐವತ್ತು ಫೈಲು, ಯಾವುದನ್ನ ಒತ್ತೋದು ಗೊತ್ತಾಗಾಕಿಲ್ಲ. ಡೆಸ್ಕ್‌ಟಾಪ್ ಮೇಲೆ ಐಕಾನ್ ಮಾಡ್ಕೊಟ್ರೆ, ಅದೊಂದನ್ನೇ ಪೆನ್ ಡ್ರೈವಿಗೆ ಎಳ್ಕೊಂಡು ಓಗಿ, ಮನೇಲಿ ತೆಗೆಯಾಕಿಲ್ಲ ಅಂತ ವಾಪಸ್ ಬತ್ತಾರೆ. ಎಲ್ಲಕ್ಕಿಂತ ದೊಡ್ಡ ಕಷ್ಟ ಏನ್ ಗೊತ್ತಾ? ನೆಕ್ಸ್ಟ್ ಒತ್ತದೆ ಬಂದ್ರೆ ಜನಕ್ಕೆ ನಂಬ್ಕೆನೇ ಬರಾಕಿಲ್ಲ. ಡೂಪ್ಲಿಕೇಟ್ ಕೊಟ್ಬುಟ್ಟ ಅಂತಾರೆ. ಇಲ್ಲಿ ಯಾವ ಅರ್ಜಿ ಆಕಿದ್ರೂ ನೆಕ್ಸ್ಟ್, ನೆಕ್ಸ್ಟ್, ಸಬ್ಮಿಟ್, ಆಮೇಲೆ ಅಕ್ನಾಲೆಡ್ಜ್‌ಮೆಂಟ್. ಆಟಕ್ಕೂ ಕೇಳೋಕ್ ಶುರು ಮಾಡಿದ್ರು. ಅದ್ಕೇ ಅದನ್ನೂ ಪ್ರಿಂಟ್ ಆಕಿ ಸೀಲ್ ಒಡ್ದೆ."

ಸುಧಾಮಣಿ ತಮ್ಮ ಪುಸ್ತಕ ತೆಗೆದು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಜಿಪ್ ಒಳಗೇ ಆಡಿ ದಿನಗಳು ಅಳಿಸಿಹೋಗುವ ಸಂಗತಿ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಅದು ಅವರಿಗೆ ಗೊತ್ತಿರಲಿಲ್ಲ.

"ಸೆಟಪ್ ಯಾವುದ್ರಲ್ಲಿ ಮಾಡಿದ್ರಿ?"

"ಒಂದು ಫ್ರೀ ಸಾಫ್ಟ್‌ವೇರ್ ಸಿಕ್ತು. ಯಾವ ಫೋಲ್ಡರ್ ಕೊಟ್ರೂ ಸೆಟಪ್ ಮಾಡ್ಕೊಡ್ತದೆ."

"ಅದನ್ನ ಹಾಕ್ಕೊಳ್ಳುವಾಗ ಏನ್ ಕೇಳ್ತು, ಓದಿದ್ರಾ?"

"ಯಾರ್ ಓದ್ತಾರಮ್ಮ? ನೆಕ್ಸ್ಟ್, ನೆಕ್ಸ್ಟ್."

ಅರ್ಜಿದಾರರ ಅಪ್ಪನ ಹೆಸರನ್ನು ಮೂರು ಸಲ ಹೋಲಿಸುವ ಮನುಷ್ಯ ಅವನು. ನಾನು ಅವನ ಕಂಪ್ಯೂಟರಿನಲ್ಲೇ ಒಂದು ಖಾಲಿ ಫೋಲ್ಡರ್ ಮಾಡಿ, ಅದಕ್ಕೆ ಸೆಟಪ್ ತಯಾರಿಸಲು ಹೇಳಿದೆ. ತಯಾರಾದದ್ದನ್ನು ಓಡಿಸಿ ಪುಟ ಪುಟವಾಗಿ ನಿಧಾನಕ್ಕೆ ನೋಡಿದೆವು. ಮೂರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು, ಎರಡಕ್ಕೂ ಮೊದಲೇ ಟಿಕ್ ಬಿದ್ದಿತ್ತು. ಇನ್ನೆರಡು ಪ್ರೋಗ್ರಾಮ್ ಹಾಕುತ್ತೇವೆ, ಜಾಹೀರಾತು ತೋರಿಸುತ್ತೇವೆ, ಒಪ್ಪಿದ್ದೀರಿ ಎಂದು. ಏನೂ ಇಲ್ಲದ ಫೋಲ್ಡರ್ ಜೊತೆಗೂ ಅವು ಬರುತ್ತಿದ್ದವು. ಇದು ನನಗೆ ಬೇಕಿದ್ದ ಪುರಾವೆ. ಫೋಟೊ ತೆಗೆದುಕೊಂಡೆ.

ಲೋಕೇಶನ ಮುಖದ ಮೇಲಿನ ಸಂತೋಷ ಅಳಿದಿತ್ತು. "ಪೇಪರ್‌ನಾಗೆ ಅಂಗಡಿ ಹೆಸ್ರು ಆಕ್ತೀರಾ ಸಾ?"

"ನನ್ ಹೆಸ್ರು ಹಾಕಿದ್ರಲ್ಲ," ಎಂದರು ಸುಧಾಮಣಿ, ನನ್ನ ಕಡೆ ತಿರುಗದೆ. ಆಮೇಲೆ ಅವರೇ, "ಅದು ಬೇಡ. ಅಕ್ನಾಲೆಡ್ಜ್‌ಮೆಂಟ್ ಯಾರ್ ಯಾರಿಗೆ ಕೊಟ್ರಿ, ಬರೆದಿಟ್ಟಿದ್ದೀರಾ?" ಎಂದು ಕೇಳಿದರು. ಬರೆದಿಟ್ಟಿದ್ದ. ಕ್ರಮಸಂಖ್ಯೆ, ಹೆಸರು, ಊರು, ಫೋನ್ ನಂಬರು. ಹಿರೀಸಾವೆ, ದಂಡಿಗನಹಳ್ಳಿ, ಸುತ್ತಲ ಹಳ್ಳಿಗಳು. ಸಂಜೆಯವರೆಗೆ ಇಬ್ಬರೂ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದರು. ನಾನು ಹೊರಡುವಾಗ ಲೋಕೇಶ ಯಾರಿಗೋ ಕೂಗಿ ಹೇಳುತ್ತಿದ್ದ, "ಆಟ ಸರಿಯಾಗೈತೆ ಕಣ್ಲಾ, ಸೆಟಪ್ಪು ನಂದು! ನಂದೇ ತಪ್ಪು ಕಣ್ಲಾ! ಇನ್ನೆಷ್ಟ್ ಸಲ ಯೋಳ್ಲಿ?"

ತಿದ್ದುಪಡಿ ಒಂದು ವಾರ ತಡವಾಗಿ ಐದನೇ ಪುಟದಲ್ಲಿ ಬಂತು. ಆರು ಸಾಲು. ವೈರಸ್ ಸುದ್ದಿಗೆ ಕೊಟ್ಟಷ್ಟೇ ಜಾಗ ಕೊಡಿ ಎಂದು ನಾನು ಡೆಸ್ಕಿಗೆ ಬರೆದೆ, ಸಿಗಲಿಲ್ಲ. ಶಿಕ್ಷಕರ ಸಭೆ ಅಷ್ಟರಲ್ಲಿ ಮುಗಿದುಹೋಗಿತ್ತು. ಸುಧಾಮಣಿ ನನ್ನನ್ನು ದೂರಲಿಲ್ಲ, ಕ್ಷಮೆಯನ್ನೂ ಕೇಳಿಸಿಕೊಳ್ಳಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ನನ್ನ ಫೋನನ್ನು ಮೊದಲ ರಿಂಗಿಗೇ ತೆಗೆಯುತ್ತಾರೆ. ಒಮ್ಮೆ ಅದನ್ನು ಹೇಳಿದಾಗ, "ಸಿಗಲಿಲ್ಲ ಅಂತ ಬರೆಯೋಕೆ ನಿಮಗೆ ಜಾಸ್ತಿ ಹೊತ್ತು ಬೇಡ ಸರ್," ಎಂದರು.

ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟಾಗ ಆಕೆ ತಾವೇ ಒಂದು ಸೆಟಪ್ ಮಾಡಿದ್ದರು. ಆಶ್ಚರ್ಯವಾಗಿ, ಬೀಗದ ಕೈ ಕೇಳೋಲ್ಲ ಅಂದಿರಲ್ಲ ಎಂದೆ. "ಈಗಲೂ ಕೇಳಲ್ಲ," ಎಂದರು. "ಆಡೋರ ಸ್ವಂತ ಫೈಲ್ ಇರೋ ಜಾಗದಲ್ಲೇ ಫೋಲ್ಡರ್ ಮಾಡ್ತದೆ, ಕಂಪ್ಯೂಟರ್ ಪಾಸ್‌ವರ್ಡ್ ಕೇಳಲ್ಲ. ಫೋಲ್ಡರ್ ಮಾತ್ರ ಬೇಕು ಅನ್ನೋರಿಗೆ ಅದೂ ಇದೆ. ನಾನು ಸೆಟಪ್ ಮಾಡ್ಲಿಲ್ಲ ಅಂದ್ರೆ ಇನ್ಯಾರೋ ಮಾಡ್ತಾರೆ ಸರ್. ಅದು ನಂಗೆ ಹೊಳೆದಿರ್ಲಿಲ್ಲ." ಸಿದ್ದಯ್ಯನವರು ಮಧ್ಯೆ ಬಾಯಿ ಹಾಕಿದರು. "ತೂಬು ಮಡಗ್ದೆ ಇದ್ರೆ ಏರಿ ಒಡ್ಕೊಂಡು ತಗೋತಾರೆ. ನಾನ್ ಮೊದ್ಲೇ ಯೋಳಿದ್ದೆ ಇವಳ್ಗೆ." "ಯಾವಾಗ ಹೇಳಿದ್ದೆ ಅಪ್ಪಾಜಿ?" "ಮನಸ್ನಾಗೆ."

ಈ ಹೊಸ ಸೆಟಪ್ಪನ್ನು ಶಾಲೆಯಲ್ಲಿ ಹಾಕಿ ನೋಡಲು ಜಯಣ್ಣ ಮೇಷ್ಟ್ರು ಹೆಡ್‌ಮಾಸ್ಟರನ್ನು ಹೇಗೋ ಒಪ್ಪಿಸಿದ್ದರು. ಷರತ್ತುಗಳಿದ್ದವು. ಒಂದೇ ಕಂಪ್ಯೂಟರ್, ಇಂಟರ್‌ನೆಟ್ ತಂತಿ ಕಿತ್ತಿಟ್ಟಿರಬೇಕು, ಹೆಡ್‌ಮಾಸ್ಟರು ಹಿಂದೆಯೇ ನಿಂತಿರುತ್ತಾರೆ. ಅವರು ನಿಂತದ್ದು ಕೈಕಟ್ಟಿಕೊಂಡು. ನನ್ನನ್ನೂ ಅಷ್ಟೇ ಅನುಮಾನದಿಂದ ನೋಡಿದರು. ಅದು ನ್ಯಾಯವಾಗಿತ್ತು.

ಈ ಸಲ ಸುಧಾಮಣಿ ಒಳಗಿದ್ದರು. ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ಏನನ್ನೂ ಒತ್ತಬೇಡ. ಮೊದಲು ಜೋರಾಗಿ ಓದು," ಎಂದರು. ಹುಡುಗಿ ಪಾಠ ಓದುವ ರಾಗದಲ್ಲಿ ಓದಿದಳು. 'ನಾನು ಈ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡುತ್ತೇನೆ. ಡೆಸ್ಕ್‌ಟಾಪ್ ಮೇಲೆ ಒಂದು ಚಿತ್ರ ಇಡುತ್ತೇನೆ. ಬೇರೆ ಏನನ್ನೂ ಮುಟ್ಟುವುದಿಲ್ಲ. ನಿಮಗೆ ಒಪ್ಪಿಗೆಯೇ?' ಕೆಳಗೆ 'ಮುಂದೆ' ಎಂಬ ಹಸಿರು ಗುಂಡಿ.

ಹುಡುಗಿ ಪರದೆಯನ್ನು ಮೇಲಿಂದ ಕೆಳಗೆ ಹುಡುಕಿದಳು. "ಬ್ಯಾಡ ಅನ್ನಾಕೆ ಎಲ್ ಒತ್ಬೇಕು ಮಿಸ್?"

ಮೂಲೆಯಲ್ಲಿ ಪುಟ ಮುಚ್ಚುವ ಒಂದು ಸಣ್ಣ X ಗುರುತು ಇತ್ತು. ಸುಧಾಮಣಿ ಅದನ್ನು ತೋರಿಸಲು ಬೆರಳೆತ್ತಿದವರು ಕೈ ಇಳಿಸಿದರು. ಆ ಪುಟವನ್ನು ಮಾಡಲು ಒಂದು ತಿಂಗಳು ತೆಗೆದುಕೊಂಡಿದ್ದೆ ಎಂದು ಬೆಳಗ್ಗೆ ತಾನೇ ಹೇಳಿದ್ದರು. "ಇವತ್ತು ಬೇಡ," ಎಂದು ಪೆನ್ ಡ್ರೈವ್ ಕಿತ್ತುಕೊಂಡರು. "ಸರಿಮಾಡಿ ತರ್ತೀನಿ." ಹೆಡ್‌ಮಾಸ್ಟರು, ನಾನು ಮೊದಲೇ ಅಂದಿರಲಿಲ್ಲವೇ ಎಂಬಂತೆ ಜಯಣ್ಣನವರನ್ನು ನೋಡಿದರು.

ಮುಂದಿನ ವಾರ ಅದೇ ಕೋಣೆ, ಅದೇ ಹುಡುಗಿ. ಈಗ ಪರದೆಯಲ್ಲಿ ಎರಡು ಗುಂಡಿ, 'ಬೇಕು' ಮತ್ತು 'ಬೇಡ'. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಹುಡುಗಿ ಪೂರ್ತಿ ಓದಿದಳು. ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, 'ಬೇಡ' ಒತ್ತಿದಳು.

ಪರದೆ ಖಾಲಿಯಾಯಿತು. ಮಕ್ಕಳು ಹೋ ಎಂದರು. ಜಯಣ್ಣ ಮೇಷ್ಟ್ರು, "ಏನೇ ಇದು, ಆಡಕ್ ಬಂದು ಬ್ಯಾಡ ಅಂತೀಯ?" ಎಂದು ಗದರಿದರು. ಹುಡುಗಿ, "ಕೇಳ್ತಲ್ಲ ಸಾ, ಅದ್ಕೆ ಯೋಳ್ದೆ," ಎಂದಳು. ಹೆಡ್‌ಮಾಸ್ಟರು ಕೈ ಬಿಚ್ಚಿ ಮುಂದೆ ಬಂದು, ಹುಡುಗಿಯನ್ನು ಎಬ್ಬಿಸಿ, ತಾವೇ ಕೂತು ಮೌಸ್ ಹಿಡಿದರು. ಏನಾದರೂ ಉಳಿದಿದೆಯೇ ಎಂದು ಒಂದೊಂದೇ ಫೋಲ್ಡರ್ ತೆರೆದು ಹುಡುಕಿದರು. ಮುಗಿಸಿ ಮತ್ತೆ ಮೊದಲಿಂದ ಹುಡುಕಿದರು. ಇಡೀ ಕೋಣೆ ಕಾಯಿತು. ಕಿಟಕಿಯಾಚೆ ಮತ್ತೆ ಹನಿ ಬೀಳತೊಡಗಿತ್ತು. ಕೊನೆಗೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಸುಧಾಮಣಿಯ ಕಡೆ ನೋಡದೆಯೇ, "ಇನ್ನೊಂದ್ಸಲ ಆಕಮ್ಮ," ಎಂದರು. "ಈ ಸಲ ನಾನು ಓದ್ತೀನಿ."